ಅಕ್ಕನ ಕತ್ತರಿ

"ಅಕ್ಕ ಬರಲಿಲ್ವಾ?" ಎಂದು ಕೇಳುತ್ತ ಸಂಪಾದಕಿ ಕುರ್ಚಿಯಿಂದ ಅರ್ಧ ಎದ್ದು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಬಗಲಲ್ಲಿ ಬಟ್ಟೆಯ ಪೊಟ್ಟಣ ಹಿಡಿದು ನಿಂತಿದ್ದ ಟೈಲರ್, ಅವರಿಗೆ ಮೈ ಸರಿಯಿಲ್ಲ, ಅದಕ್ಕೇ ತಾನು ಬಂದಿದ್ದು ಎಂದ. ನೀವು ಅವರ ತಮ್ಮನೇ ಎಂದು ಕೇಳಿದಳು. ಹೂಂ ಎಂದುಬಿಟ್ಟ.

ಇಪ್ಪತ್ತೆರಡು ವರ್ಷಗಳಿಂದ ಆ ವಾರಪತ್ರಿಕೆಯ ಮಹಿಳಾ ಪುಟದಲ್ಲಿ 'ಅಕ್ಕನ ಕತ್ತರಿ' ಎಂಬ ಅಂಕಣ ಬರುತ್ತಿತ್ತು. ವಾರಕ್ಕೊಂದು ಉಡುಪಿನ ನಕ್ಷೆ, ಅಳತೆ, ಹೊಲಿಯುವ ಕ್ರಮ. ಬರೆಯುತ್ತಿದ್ದವನು ಇದೇ ಟೈಲರ್. ಆಗಿನ ಸಂಪಾದಕರು ಅವನ ಗಿರಾಕಿ. ಮೊದಲ ಬರಹ ಕೈಗೆ ಕೊಟ್ಟ ದಿನವೇ, ಹೆಂಗಸರ ಪುಟದಲ್ಲಿ ಮೀಸೆ ಹೊತ್ತವನು ಹೊಲಿಗೆ ಹೇಳಿಕೊಟ್ಟರೆ ಯಾರು ಓದುತ್ತಾರಯ್ಯ ಎಂದು ನಕ್ಕು, ಅವನ ಹೆಸರು ಹೊಡೆದು 'ಅಕ್ಕ' ಎಂದು ಬರೆದಿದ್ದರು. ಅವರು ತೀರಿಕೊಂಡ ಮೇಲೆ ಈ ಗುಟ್ಟು ಉಳಿದದ್ದು ಅವನಲ್ಲಿ ಮತ್ತು ಅವನ ಹೆಂಡತಿಯಲ್ಲಿ ಮಾತ್ರ.

ಓದುಗರ ಕಾಗದಗಳನ್ನು ಕಚೇರಿಯವರು ಕಟ್ಟು ಕಟ್ಟಿ, ಅಕ್ಕನ ವಿಳಾಸವೆಂದು ಕೊಟ್ಟಿದ್ದ ಅವನ ಅಂಗಡಿಗೆ ಕಳಿಸುತ್ತಿದ್ದರು. ಕಾಲರಿನ ಮಾತಿನಿಂದ ಶುರುವಾದ ಕಾಗದ ನಾಲ್ಕನೇ ಸಾಲಿಗೆಲ್ಲ ಮನೆಯೊಳಗೆ ಹೊಕ್ಕುಬಿಡುತ್ತಿತ್ತು. ಒಬ್ಬಾಕೆ ಸತ್ತ ಗಂಡನ ಅಂಗಿಗಳನ್ನು ತನ್ನ ಅಳತೆಗೆ ತರುವುದು ಹೇಗೆಂದು ಕೇಳಿದ್ದಳು. ಇನ್ನೊಬ್ಬಾಕೆ, ಕಾರ್ಖಾನೆಗೆ ಹೋಗುವ ತನ್ನ ಮಗಳ ಬಟ್ಟೆಯಲ್ಲಿ ಒಂದು ಜೇಬೂ ಇಲ್ಲ, ಕೀಲಿಕೈ ಕೈಯಲ್ಲೇ ಹಿಡಿದು ಓಡಾಡುತ್ತಾಳೆ ಎಂದು ಬರೆದಿದ್ದಳು. ಓದಿದ್ದನ್ನು ಅವನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಉತ್ತರ ಮಾತ್ರ ಬರೆಯುತ್ತಿದ್ದ.

ಆ ಕಾಗದಗಳನ್ನು ಓದಿ ಓದಿಯೇ ಅವನು ಈಗ ಪೊಟ್ಟಣದಲ್ಲಿ ತಂದಿದ್ದ ಕೋಟು ಕತ್ತರಿಸಿದ್ದು. ಮೊಣಕಾಲಿನವರೆಗೆ ಇಳಿಯುವ ಸಡಿಲವಾದ ಕೋಟು, ನಾಲ್ಕು ಆಳವಾದ ಜೇಬು. ಗುಂಡಿ ಬಲಕ್ಕಿದ್ದರೆ ಗಂಡಸರದು, ಎಡಕ್ಕಿದ್ದರೆ ಹೆಂಗಸರದು ಎಂಬುದು ಕಸುಬಿನ ಮೊದಲ ಪಾಠ. ಅವನು ಎರಡು ಅಂಚಿಗೂ ಗುಂಡಿ ತೂರಿಸುವ ಕಾಜಾ ಹೊಲಿದು, ಗುಂಡಿಗಳನ್ನು ಜೋಡಿ ಜೋಡಿಯಾಗಿ ದಾರದಲ್ಲಿ ಬಿಗಿದು, ಯಾವ ಕಡೆಯಿಂದಲಾದರೂ ಹಾಕಿಕೊಳ್ಳುವಂತೆ ಮಾಡಿದ್ದ. ನಕ್ಷೆಯ ಕೆಳಗೆ ಬರೆದದ್ದು ಇಷ್ಟೇ: ಎದೆ ಮೂವತ್ತೆರಡರಿಂದ ನಲವತ್ತನಾಲ್ಕು ಇಂಚು ಇರುವ ಯಾರಿಗಾದರೂ.

ಸಂಪಾದಕಿ ಆ ಸಾಲನ್ನು ಎರಡು ಸಲ ಓದಿದಳು. ಕೋಟನ್ನು ತಾನೇ ತೊಟ್ಟು ನಾಲ್ಕೂ ಜೇಬಿಗೆ ಕೈ ಹಾಕಿ ನೋಡಿದಳು. ಇದಕ್ಕೇ ಒಂದು ವಿಶೇಷ ಸಂಚಿಕೆ ತರೋಣ, ಒಳಗೆ ಅಕ್ಕನ ಫೋಟೋ ಬೇಕೇ ಬೇಕು, ಶುಕ್ರವಾರ ಸ್ಟುಡಿಯೋಗೆ ಕರೆತನ್ನಿ ಎಂದಳು.

ಸಂಜೆ ಹೆಂಡತಿ ಆಸ್ಪತ್ರೆಯ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವನು ವಿಷಯ ಹೇಳಿದ. ಒಂದು ದಿನ, ಒಂದೇ ಒಂದು ಫೋಟೋ, ನೀನು ಕೂತುಬಿಡು ಎಂದ.

"ನನಗೆ ಗೊತ್ತಿರೋದು ಒಂದೇ ಸೂಜಿ, ರಕ್ತ ತೆಗೆಯೋದು," ಎಂದಳು ಅವಳು. ಚಪ್ಪಲಿ ಮೂಲೆಗೆ ಸರಿಸಿ ಕೇಳಿದಳು: "ನಾಳೆ ಆ ಹೆಂಗಸರಲ್ಲಿ ಯಾರಾದ್ರೂ ಬೀದೀಲಿ ಸಿಕ್ಕಿ ಕೈ ಹಿಡ್ಕೊಂಡು ಅತ್ರೆ ನಾನೇನ್ರೀ ಮಾಡ್ಲಿ? ಅವರ ಕಷ್ಟ ನೀವು ನನಗೆ ಹೇಳಿದೋರೇ ಅಲ್ಲ."

ಆದರೂ ಶುಕ್ರವಾರ ಅವಳು ರಜೆ ಹಾಕಿ ಅವನ ಜೊತೆ ಹೊರಟಳು.

ಸ್ಟುಡಿಯೋದಲ್ಲಿ ಅವಳನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿ ಕೈಗೆ ಕತ್ತರಿ ಕೊಟ್ಟರು. ಹಾವು ಹಿಡಿದವಳ ಹಾಗೆ ಹಿಡಿದುಕೊಂಡಳು. ಆಚೆ ಕಡೆ ಮಾಡೆಲುಗಳಾದ ಒಬ್ಬ ಯುವಕ, ಒಬ್ಬ ಯುವತಿ ಒಂದೇ ಬಗೆಯ ಕೋಟು ತೊಟ್ಟು ನಿಂತಿದ್ದರು. ಫೋಟೋಗ್ರಾಫರ್ ಯುವಕನಿಗೆ ಜೇಬಲ್ಲಿ ಕೈಯಿಟ್ಟು ನೇರ ನೋಡಲು ಹೇಳಿದ. ಯುವತಿಗೆ ಕತ್ತು ವಾಲಿಸಿ ಕೆನ್ನೆ ಮೇಲೆ ಬೆರಳಿಡಲು ಹೇಳಿದ. ಅಷ್ಟಕ್ಕೂ ಸಮಾಧಾನವಾಗದೆ, ಬಟ್ಟೆ ಒಣಹಾಕುವ ಕ್ಲಿಪ್ಪು ನಾಲ್ಕು ತಂದು ಅವಳ ಬೆನ್ನಹಿಂದೆ ಕೋಟನ್ನು ಸೆಳೆದು ಕಚ್ಚಿಸಿದ. ಮುಂದಿನಿಂದ ಸೊಂಟ ಎದ್ದು ಕಂಡಿತು. ಜೇಬುಗಳು ಬಾಯಿ ಮುಚ್ಚಿಕೊಂಡವು.

ಗೋಡೆಗೊರಗಿ ನಿಂತಿದ್ದ ಟೈಲರ್ ಯಾರನ್ನೂ ಕೇಳದೆ ಹೋಗಿ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತ.

"ಹಿಂಗೆ ಮಾಡಿದ್ರೆ ಅದು ಅವರ ಕೋಟು, ಇದು ಇವರ ಕೋಟು ಅಂತ ಆಗುತ್ತೆ," ಎಂದ. "ಹಂಗಾಗದೇ ಇರ್ಲಿ ಅಂತಲೇ ಹೊಲಿದಿದ್ದು."

ಫೋಟೋಗ್ರಾಫರ್ ಸಂಪಾದಕಿಯ ಮುಖ ನೋಡಿದ. ಅವಳು ಯಂತ್ರದ ಮುಂದೆ ಕೂತವಳ ಕಡೆ ತಿರುಗಿ, ಅಕ್ಕ ಏನನ್ನುತ್ತಾರೋ ಹಾಗೆ ಮಾಡೋಣ ಎಂದಳು.

ಹೆಂಡತಿ ಕತ್ತರಿಯನ್ನು ಮೆಲ್ಲಗೆ ಯಂತ್ರದ ಮೇಲಿಟ್ಟಳು.

"ಅಕ್ಕ ಹೇಳಿದ್ದಾಯ್ತಲ್ಲ," ಎಂದಳು. "ಅವರೇ ಅಕ್ಕ."

ಯುವತಿಗೆ ನಗು ಬಂತು. ಬೇರೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದಳು. ಸಂಪಾದಕಿ ಸ್ಟೂಲಿನ ಮೇಲೆ ಕೂತಳು. ಆಮೇಲೆ, ತನ್ನ ತಾಯಿಯೂ ಅಕ್ಕನಿಗೆ ಬರೆಯುತ್ತಿದ್ದಳು ಎಂದಳು. ಏನು ಬರೆಯುತ್ತಿದ್ದಳೋ ತನಗೆ ಗೊತ್ತಿಲ್ಲ, ಬರೆಯುವಾಗ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು ಎಂದಳು. ದನಿ ಏರಿರಲಿಲ್ಲ.

"ಆ ಕಾಗದಗಳೆಲ್ಲ ಎಲ್ಲಿವೆ?"

"ಪೆಟ್ಟಿಗೇಲಿ. ಬೀಗ ಹಾಕಿದ್ದೀನಿ."

"ಯಾರು ಓದಿದ್ದಾರೆ?"

"ನಾನೊಬ್ಬನೇ."

ಅವಳು ಹೆಂಡತಿಯನ್ನು ನೋಡಿದಳು. ಹೆಂಡತಿ ತಾನು ಓದಿಲ್ಲವೆಂದು ತಲೆಯಾಡಿಸಿದಳು.

ಸಂಚಿಕೆ ಹೊರಬಂತು. ಮುಖಪುಟದಲ್ಲಿ ಮೂವರು ಸಾಲಾಗಿ ನಿಂತಿದ್ದರು: ಯುವಕ, ಯುವತಿ, ಟೈಲರ್. ಮೂವರಿಗೂ ಒಂದೇ ಕೋಟು, ಮೂವರ ಕೈಯೂ ಜೇಬಿನಲ್ಲಿ. ಒಳಗೆ ಅವನ ಕೈಬರಹದಲ್ಲೇ ಅರ್ಧ ಪುಟ: ಇಷ್ಟು ವರ್ಷ ಬರೆದವನು ನಾನು, ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಪತ್ರಿಕೆಯ ಮಾಲೀಕರು ಸಂಪಾದಕಿಯನ್ನು ಕರೆಸಿ ಒಂದು ಗಂಟೆ ಕೂರಿಸಿಕೊಂಡರಂತೆ. ಸಂಚಿಕೆ ಮಾತ್ರ ಮೂರೇ ದಿನಕ್ಕೆ ಖಾಲಿಯಾಯಿತು.

ಕೋಟಿನ ನಕ್ಷೆ ಬೇಕೆಂದು ಗಂಡಸರೂ ಬರೆದರು. ಹೆಂಗಸರ ಕಾಗದಗಳೂ ಬಂದವು, ಒಂದೆರಡರಲ್ಲಿ ಬೈಗುಳ, ಮಿಕ್ಕವೆಲ್ಲ ಮೂರೇ ಸಾಲು. ಮಾನ್ಯರೇ, ಎದೆ ಮೂವತ್ತಾರು, ಉದ್ದ ನಲವತ್ತು, ಬಟ್ಟೆ ಎಷ್ಟು ಬೇಕು ತಿಳಿಸಿ. ನಾಲ್ಕನೇ ಸಾಲು ಯಾವುದರಲ್ಲೂ ಇರಲಿಲ್ಲ. ಅವನು ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡುತ್ತಿದ್ದ. ಹೆಂಡತಿ ಅದನ್ನು ಕಂಡರೂ ಕಾಣದವಳಂತೆ ಇದ್ದಳು.

ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ತೂಗುಹಾಕಿದ್ದ ಬಟ್ಟೆಗಳನ್ನು, ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು, ಕೊನೆಗೆ ಅವನ ಕೈಗಳನ್ನು ನೋಡಿದಳು.

"ನಾನು ಬರೀತಿದ್ದೆ," ಎಂದಳು.

ಯಾವ ಕಾಗದ ಅವಳದ್ದೆಂದು ಅವನು ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ. ಅವಳಿಗೆ ಆ ಕೋಟು ಬೇಕಾಗಿತ್ತು. ಅವನು ಕೊರಳಲ್ಲಿದ್ದ ಟೇಪು ತೆಗೆದು ಒಂದು ಹೆಜ್ಜೆ ಮುಂದಿಟ್ಟ. ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು. ಅವನು ನಿಂತ. ಟೇಪನ್ನು ಮೇಜಿನ ಮೇಲಿಟ್ಟು, ಅಳತೆ ಪುಸ್ತಕ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ನಿಂತುಕೊಂಡ.

ಆಮೇಲೆ ಟೇಪು ಮೇಜಿನಿಂದ ಸರಿದ ಸದ್ದಾಯಿತು.

"ಎದೆ ಮೂವತ್ತೆಂಟು."

ಬರೆದುಕೊಂಡ.

"ಉದ್ದ ನಲವತ್ತೊಂದು."

ಬರೆದುಕೊಂಡ.

ತೋಳಿನ ಅಳತೆಗೆ ಅವಳು ತಡಮಾಡಿದಳು. ಒಂದು ಕೈಯಲ್ಲಿ ಅದು ಆಗುವ ಕೆಲಸವಲ್ಲ. ಟೇಪು ಎರಡು ಸಲ ಭುಜದಿಂದ ಜಾರಿ ನೆಲಕ್ಕೆ ಬಿದ್ದದ್ದು ಅವನಿಗೆ ಕೇಳಿಸಿತು. ಅವನು ಪೆನ್ಸಿಲು ಹಿಡಿದು ಗೋಡೆ ನೋಡುತ್ತಲೇ ಇದ್ದ.

"ಈ ತುದಿ ಹಿಡ್ಕೊಳ್ಳಿ," ಎಂದಳು.

ಅವನು ತಿರುಗಿದ. ಅವಳು ಚಾಚಿದ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದ.