ಜಿಂಕೆ ಓಡಿದ ನಾಲ್ಕು ನಿಮಿಷ

ಹಾಕಿ ಸಂಘದ ಕಾರ್ಯದರ್ಶಿ ಬೆಳ್ಳಂಬೆಳಗ್ಗೆ ಮನೆಗೆ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ ಸುದ್ದಿ ಒದರಿದ. ಇನ್ನು ಮುಂದೆ ಪ್ರತಿ ವರ್ಷ ಒಂದು ದಿನ ಕಾಮೆಂಟರಿ ಮಾಮನ ಹೆಸರಿನಲ್ಲಿ. ಶಾಲೆಗಳ ತಂಡಗಳು ಆಡುತ್ತವೆ, ರೇಡಿಯೋದವರು ನೇರಪ್ರಸಾರ ಮಾಡುತ್ತಾರೆ, ಮಾಮನಿಗೊಂದು ಫಲಕ. ಮೂವತ್ತು ವರ್ಷ ರೇಡಿಯೋದಲ್ಲಿ ಹಾಕಿ ಪಂದ್ಯಗಳನ್ನು ಬಣ್ಣಿಸಿ ನಿವೃತ್ತರಾದ ಅವರನ್ನು ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಮಾತಿನಲ್ಲಿ ಅವರನ್ನು ಸೋಲಿಸಿದವರು ಯಾರೂ ಇರಲಿಲ್ಲ, ಹೆಂಡತಿಯೊಬ್ಬರನ್ನು ಬಿಟ್ಟರೆ.

"ಯಾವ ದಿನ ಅಂತ ಕೇಳಿ ಮಾಮ," ಎಂದ ಕಾರ್ಯದರ್ಶಿ. "ನಲವತ್ತೊಂದು ವರ್ಷದ ಹಿಂದೆ ಫೈನಲ್ ಗೆದ್ವಲ್ಲ, ಅದೇ ದಿನ! ಆವತ್ತಿನ ನಿಮ್ಮ ಕಾಮೆಂಟರಿನ ಮೈದಾನದಲ್ಲೇ ಎಲ್ಲರಿಗೂ ಕೇಳಿಸ್ತೀವಿ."

ಮಾಮನ ಮುಖ ಬಿಳಿಚಿಕೊಂಡಿತು. ಅದು ಸಂತೋಷಕ್ಕೇ ಇರಬೇಕು ಎಂದುಕೊಂಡು ಕಾರ್ಯದರ್ಶಿ ಟೀ ಕುಡಿದು ಹೊರಟ. ಆತನಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಫೈನಲನ್ನು ಮಾಮ ಕಣ್ಣಿಂದ ನೋಡಿರಲೇ ಇಲ್ಲ.

ಆ ಕಾಲದಲ್ಲಿ ದೂರದ ಪಂದ್ಯಗಳಿಗೆ ರೇಡಿಯೋದವರು ಹೋಗುತ್ತಿರಲಿಲ್ಲ. ಮೈದಾನದಲ್ಲಿ ಕುಳಿತ ವರದಿಗಾರ ಟೆಲಿಫೋನಿನಲ್ಲಿ ಒಂದೊಂದೇ ವಾಕ್ಯ ಹೇಳುತ್ತಿದ್ದ. ಸ್ಟುಡಿಯೋದ ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡ ಮಾಮ ಅದಕ್ಕೆ ರೆಕ್ಕೆಪುಕ್ಕ ಕಟ್ಟಿ, ಎದುರಿಗೇ ನೋಡುತ್ತಿದ್ದವರಂತೆ ಹೇಳುತ್ತಿದ್ದರು. ಹಿನ್ನೆಲೆಯಲ್ಲಿ ಜನರ ಕೂಗಿನ ರೆಕಾರ್ಡು ಓಡುತ್ತಿತ್ತು. ಲೈನು ಕಡಿದುಹೋದರೆ ಏನು ಮಾಡಬೇಕೆಂಬುದಕ್ಕೂ ಒಂದು ಪದ್ಧತಿಯಿತ್ತು: ಕೇಳುಗರಿಗೆ ತಿಳಿಸಬಾರದು. ಚೆಂಡನ್ನು ಮೈದಾನದ ನಡುವೆಯೇ ಆಡಿಸುತ್ತಿರಬೇಕು. ಗೋಲು ಹೊಡೆಸಬಾರದು, ಯಾರಿಗೂ ಪೆಟ್ಟು ಮಾಡಿಸಬಾರದು. ಲೈನು ಬಂದ ಮೇಲೆ ಮೆಲ್ಲಗೆ ನಿಜಕ್ಕೆ ಬಂದು ಸೇರಿಕೊಳ್ಳಬೇಕು.

ಆ ಫೈನಲ್‌ನ ಎರಡನೇ ಅವಧಿಯ ಹನ್ನೊಂದನೇ ನಿಮಿಷಕ್ಕೆ ಲೈನು ಸತ್ತಿತು. ನಾಲ್ಕು ನಿಮಿಷ ಬರಲೇ ಇಲ್ಲ. ಚೆಂಡನ್ನು ಅತ್ತಿತ್ತ ಉರುಳಿಸಿ ಸಾಕಾಗಿ, ಮಾಮ ಅದನ್ನು ಬಲ ಅಂಚಿನಲ್ಲಿದ್ದ ಹುಡುಗನಿಗೆ ಕೊಟ್ಟರು. ಓಟದಿಂದಾಗಿ ಜಿಂಕೆ ಎಂದೇ ಹೆಸರಾದವನು, ಇದೇ ಊರಿನವನು. ಜಿಂಕೆ ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ, ಚೆಂಡು ಕಳೆದುಕೊಂಡ, ಬೆನ್ನಟ್ಟಿ ಮತ್ತೆ ಕಿತ್ತುಕೊಂಡ. ಎಂಥ ಓಟ! ಮಾಮನಿಗೇ ಮೈಜುಮ್ಮೆಂದಿತು.

ಲೈನು ಬಂದಾಗ ವರದಿಗಾರ ಅಳುತ್ತಿದ್ದ. ಹನ್ನೆರಡನೇ ನಿಮಿಷದಲ್ಲಿ ಚೆಂಡು ಎಗರಿ ಜಿಂಕೆಯ ಕಿವಿಯ ಮೇಲೆ ಬಡಿದಿತ್ತು. ಅವನನ್ನು ಎತ್ತಿಕೊಂಡು ಹೋಗಿ ಆಗಿತ್ತು. ಮಾಮ ಒಂದು ಕ್ಷಣ ತಡವರಿಸಿ, "ಜಿಂಕೆ ಸ್ವಲ್ಪ ಸುಧಾರಿಸಿಕೊಳ್ಳಲು ಹೊರಗೆ ಹೋಗಿದ್ದಾನೆ," ಎಂದು ಆಟ ಮುಂದುವರಿಸಿದರು. ತಂಡ ಗೆದ್ದಿತು. ಮರುದಿನ ಬೆಳಗ್ಗೆ ಜಿಂಕೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಕಥೆ ಅಲ್ಲಿಗೇ ಮುಗಿದಿದ್ದರೆ ಮಾಮ ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ಆದರೆ ಜಿಂಕೆಯ ತಾಯಿ ರೇಡಿಯೋದ ಮುಂದೆ ಕುಳಿತು ಎಲ್ಲವನ್ನೂ ಕೇಳಿದ್ದರು. ತಂಡದವರು ಹೇಳುವಂತೆ ಹನ್ನೆರಡನೇ ನಿಮಿಷಕ್ಕೆ ಬಿದ್ದವನು ಹದಿನಾಲ್ಕನೇ ನಿಮಿಷಕ್ಕೆ ಹೇಗೆ ಓಡಿದ? ಆಮೇಲೆ ಯಾರೋ ಹೊಡೆದಿದ್ದಾರೆ, ತಂಡದವರು ಮುಚ್ಚಿಡುತ್ತಿದ್ದಾರೆ ಎಂದು ಆ ತಾಯಿ ಹಟ ಹಿಡಿದರು. ರೇಡಿಯೋಗೆ ಏಳು ಕಾಗದ ಬರೆದರು. 'ನೀವು ಕಣ್ಣಾರೆ ನೋಡಿದವರು. ನನ್ನ ಮಗ ಓಡುತ್ತಿದ್ದ ಎಂದು ಅವರಿಗೆ ಹೇಳಿ.' ಮಾಮ ಒಂದಕ್ಕೂ ಉತ್ತರ ಬರೆಯಲಿಲ್ಲ. ಮಾತಿನ ಮಲ್ಲ ಎಂದು ಊರೆಲ್ಲ ಹೊಗಳುವ ಮನುಷ್ಯನಿಗೆ ಎರಡು ಸಾಲು ಬರೆಯಲು ಕೈ ಬರಲಿಲ್ಲ. ಅದು ಹೇಡಿತನ, ಬೇರೆ ಹೆಸರಿಲ್ಲ.

"ಏನ್ರೀ, ಇನ್ನೂ ಎಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿರ್ತೀರಿ?" ಎಂದರು ಹೆಂಡತಿ, ಟೀ ಲೋಟ ಎತ್ತುತ್ತ. "ಬೀರು ಒರೆಸುವಾಗ ಆ ಕಾಗದ ನಾನು ಯಾವತ್ತೋ ಓದಿದೀನಿ. ನೀವೇ ಹೇಳ್ತೀರಿ ಅಂತ ಕಾದೆ. ಈಗಲೂ ಬಾಯಿ ಬಿಡದೆ ಹೋದ್ರೆ, ಆ ಫಲಕ ಹಿಡ್ಕೊಂಡು ಈ ಮನೆಗೆ ಬರಬೇಡಿ."

ಜಿಂಕೆಯ ತಂಗಿ ಮಾರುಕಟ್ಟೆ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದರು. ಅಣ್ಣ ಹೋದಾಗ ಹದಿನಾಲ್ಕರ ಹುಡುಗಿ. ಈಗ ಕೂದಲು ಬೆಳ್ಳಗಾಗಿತ್ತು. ಮಾಮ ತಿಂಗಳು ತಿಂಗಳೂ ರಕ್ತದೊತ್ತಡದ ಮಾತ್ರೆ ಕೊಳ್ಳುತ್ತಿದ್ದುದು ಅಲ್ಲೇ, ತಲೆ ತಗ್ಗಿಸಿಕೊಂಡೇ. ಆ ದಿನ ಅವರು ಮಾತ್ರೆ ಕೇಳಲಿಲ್ಲ. ಏಳು ಕಾಗದಗಳನ್ನು ಗಾಜಿನ ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಆಕೆ ಅಮ್ಮನ ಅಕ್ಷರವನ್ನು ಬೆರಳಿನಿಂದ ಸವರಿದರು.

"ಅಣ್ಣನ ಜೊತೆ ಆಡಿದವರು ಒಬ್ಬೊಬ್ಬರೇ ಮನೆಗೆ ಬಂದು ಚೆಂಡು ಬಡಿದೇ ಬಿದ್ದ ಅಂತ ಕೈ ಮುಗಿದು ಹೇಳಿದ್ರು ಸಾರ್. ಅಮ್ಮ ಎಲ್ಲರನ್ನೂ ಬೈದು ಅಟ್ಟಿದ್ಲು. ಸಾಯೋ ದಿನಾನೂ 'ಅವನು ಓಡ್ತಿದ್ದ, ರೇಡಿಯೋದಲ್ಲೇ ಹೇಳಿದ್ರು' ಅಂತಿದ್ಲು."

"ತಪ್ಪಾಯ್ತು ತಾಯಿ."

"ನನಗೊಬ್ಬಳಿಗೆ ಹೇಳಿದ್ರೆ ಏನು ಬಂತು? ಸುಳ್ಳುಗಾರರು ಅನ್ನಿಸ್ಕೊಂಡವರು ಅಣ್ಣನ ಜೊತೆಗಾರರು. ರೇಡಿಯೋದಲ್ಲಿ ಹೇಳಿದ್ರಿ. ರೇಡಿಯೋದಲ್ಲೇ ಹೇಳಿ."

ಆ ದಿನ ಬಂತು. ಮೈದಾನದ ತುಂಬ ಜನ. ಫಲಕ ಕೊಟ್ಟರು, ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಹಳೆಯ ಧ್ವನಿಮುದ್ರಿಕೆ ಹಾಕಿಸಿದ. ಮೂವತ್ತೈದರ ಪ್ರಾಯದ ಮಾಮನ ದನಿ ಮೈದಾನದ ಮೇಲೆ ಮೊಳಗಿತು. ಜಿಂಕೆ ಓಡತೊಡಗುವ ಜಾಗ ಬಂದಾಗ ಮಾಮ ಕೈಯೆತ್ತಿ, "ನಿಲ್ಲಿಸಿ," ಎಂದು ಮೈಕಿನ ಹತ್ತಿರ ಬಂದರು.

"ಎರಡನೇ ಅವಧಿಯ ಹನ್ನೆರಡನೇ ನಿಮಿಷ. ಚೆಂಡು ಎಗರಿದೆ, ಜಿಂಕೆಯ ಕಿವಿಯ ಮೇಲೆ ಬಡಿದಿದೆ. ಜಿಂಕೆ ಬಿದ್ದಿದ್ದಾನೆ. ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಕೇಳುಗರೇ, ಆಮೇಲೆ ಅವನು ಓಡಲಿಲ್ಲ. ಓಡಿಸಿದ್ದು ನಾನು. ನಾನು ಮೈದಾನದಲ್ಲಿ ಇರಲಿಲ್ಲ, ಏನನ್ನೂ ನೋಡಲಿಲ್ಲ. ಅವನ ಜೊತೆಗಾರರು ಹೇಳಿದ್ದೇ ನಿಜ. ಅವನ ತಾಯಿ ಕೇಳಿದಾಗ ನಾನು ಇದನ್ನು ಹೇಳಲಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿದ್ದ ಜಿಂಕೆಯ ಇಬ್ಬರು ಹಳೆಯ ಜೊತೆಗಾರರು ಕೂತಲ್ಲೇ ಮುಖ ಮುಚ್ಚಿಕೊಂಡರು. ಕಾರ್ಯದರ್ಶಿಯ ಮುಖ ಹುಳ್ಳಗಾಗಿತ್ತು. ಮಾಮ ಫಲಕವನ್ನು ಅವನ ಕೈಗೇ ಕೊಟ್ಟು, ಹೆಂಡತಿಯ ತೋಳು ಹಿಡಿದು ಮೆಟ್ಟಿಲಿಳಿದರು.

ಔಷಧಿ ಅಂಗಡಿಯಲ್ಲಿ ರೇಡಿಯೋ ಇನ್ನೂ ಉಲಿಯುತ್ತಿತ್ತು. ಶಾಲೆಯ ಹುಡುಗಿಯರ ಪಂದ್ಯ ಶುರುವಾಗಿತ್ತು. ಇವರನ್ನು ಕಂಡು ಜಿಂಕೆಯ ತಂಗಿ ಅದನ್ನು ಆರಿಸಿದರು.

"ಕೇಳಿಸ್ಕೊಂಡೆ ಸಾರ್," ಎಂದರು. ಆಮೇಲೆ ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದರು: "ಬಿದ್ದಾಗ ಅವನಿಗೆ ತುಂಬಾ ನೋವಾಯ್ತಾ? ಏನಾದ್ರೂ ಅಂದ್ನಾ? ಅಮ್ಮ ಅಂತ?"

ಮಾಮನ ನಾಲಿಗೆಯ ತುದಿಗೆ ಮಾತು ತಾನಾಗಿ ಬಂದಿತ್ತು. ಇಲ್ಲಮ್ಮ, ಒಂದು ಕ್ಷಣವೂ ನೋವಾಗಲಿಲ್ಲ. ನಿದ್ದೆ ಹತ್ತಿದವನ ಹಾಗೆ ಮಲಗಿದ. ನಿಮ್ಮೆಲ್ಲರ ಹೆಸರು ಹೇಳಿದ. ಎಷ್ಟು ಸಲೀಸು! ಎಷ್ಟು ಚೆಂದವಾಗಿ ಹೇಳಬಲ್ಲರು ಅವರು! ಆಕೆ ನಂಬಿಯೂ ಬಿಡುತ್ತಿದ್ದರು.

"ಗೊತ್ತಿಲ್ಲ ತಾಯಿ," ಎಂದರು ಮಾಮ. "ನಾನು ನೋಡಿಲ್ಲ."

ಆಕೆ ಅತ್ತರು. ಮಾಮ ಸುಮ್ಮನೆ ನಿಂತಿದ್ದರು.