ಕೊಕ್ಕೆಯ ಹನಿ

ಉಚ್ಚೆಯ ವಾಸನೆಯಿಲ್ಲ, ಮತ್ತೊಮ್ಮೆ ಮೂಗಿನ ಹತ್ತಿರ ತಂದೆ, ಇಲ್ಲ, ತೊಟ್ಟಿಲ ಬಟ್ಟೆ ಒದ್ದೆಯೇನೋ ಹೌದು, ಆದರೆ ತಣ್ಣಗಿದೆ, ಮಗುವಿನದಾದರೆ ಬೆಚ್ಚಗಿರಬೇಕಿತ್ತು, ಇದು ಹಳೇ ಗೋಣಿಯ ವಾಸನೆ, ಬೂಷ್ಟಿನ ವಾಸನೆ, ಥೂ — ಅನ್ನ ಕುದಿಯುತ್ತಿದೆ, ಗಂಜಿ ಬಸಿಯಬೇಕು, ಅತ್ತೆ ಹೊಸಿಲ ಮೇಲಿಂದ, ಉಚ್ಚೆ ಹೊಯ್ಕಂಡಿರ್ತಾಳೆ ಕಣಮ್ಮ, ಅವರಪ್ಪನೂ ಹಿಂಗೇ, ಮಲಗಿದ ಕಡೆ ಕೆರೆ ಮಾಡೋನು, ಅನ್ನುತ್ತಾರೆ, ನಗುತ್ತಾರೆ, ಇಷ್ಟು ದಿನ ನಾನೂ ನಕ್ಕು ಬಟ್ಟೆ ಬದಲಿಸಿದೆ, ಮೂಸಿ ನೋಡಲಿಲ್ಲ. ಕಲ್ಯಾಣದುರ್ಗದ ಅಮ್ಮನ ಮನೆಯಲ್ಲಿ ಬಾಣಂತನ ಮುಗಿಯುವವರೆಗೂ ಇವಳಿಗೆ ಒಂದು ಸೀನೂ ಇರಲಿಲ್ಲ, ಬಂಡೆ ಹೊದಿಸಿದ ಮನೆ, ಸೆಕೆ ನಿಜ, ಆದರೆ ಒಣ ಸೆಕೆ, ಹಿಂದೂಪುರಕ್ಕೆ ಬಂದಮೇಲೆ ಎದೆಯೊಳಗೆ ಗೊರಗೊರ, ಕತ್ತಿನ ಮಡಿಕೆಯಲ್ಲಿ ಕೆಂಪು, ಕಿವಿಯ ಹಿಂದೆ ಬಿಳಿ ಪೊರೆ, ಎಣ್ಣೆ ಸವರಿ ಸವರಿ ಒರೆಸುತ್ತೇನೆ, ನನ್ನ ಚಿನ್ನ, ನಿನ್ನ ಮೈಯಿಂದಲೂ ಈ ಗೋಡೆಯ ವಾಸನೆ ಬರುತ್ತದಲ್ಲೇ. ಮಲಗಿದಲ್ಲೇ ಮೇಲೆ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ, ಕಾಗೆ ಮರಿ ಕಣಮ್ಮ, ನಿನ್ ಹಾಲು ಸಾಲ್ದು ಇವಳ್ಗೆ, ಅತ್ತೆಯ ಮಾತು, ಅದನ್ನು ನಂಬಿ ಸಬ್ಬಸಿಗೆ ತಿಂದೆ, ಬೆಳ್ಳುಳ್ಳಿ ತಿಂದೆ, ಈಗಲೂ ಬಾಯಿ ತೆರೆದಿದ್ದಾಳೆ, ಏನು ಕಂಡೆಯಮ್ಮ, ಅಂತ ಅವಳ ಪಕ್ಕಕ್ಕೆ ಬಗ್ಗಿ ಅವಳ ಹಾಗೆಯೇ ಮೇಲೆ ನೋಡಿದೆ — ತೊಟ್ಟಿಲು ತೂಗುಹಾಕಿದ ಕಬ್ಬಿಣದ ಕೊಕ್ಕೆ, ಅದರ ತುದಿಯಲ್ಲಿ ಕಂದು ಬಣ್ಣದ ಹನಿ, ಊದಿಕೊಳ್ಳುತ್ತಿದೆ, ಜೋತಿದೆ, ಬಿತ್ತು. ನಾಲಿಗೆ ಚಾಚಿ ಹಿಡಿದಳು. ಚಪ್ಪರಿಸಿ ನಕ್ಕಳು.

ಸೆರಗಿನಿಂದ ಆ ನಾಲಿಗೆ ಒರೆಸಿದೆ, ಅತ್ತಳು, ಅಳಲಿ, ಸ್ಟೂಲು ಹತ್ತಿ ಕೊಕ್ಕೆ ಹೊಡೆದ ಬೀಮು ಮುಟ್ಟಿದರೆ ಐಸಿನ ಹಾಗಿದೆ, ಬೆರಳಿಗೆ ಕಪ್ಪು ಲೋಳೆ, ಉಗುರಿನೊಳಗೂ ಹೊಕ್ಕಿತು, ಗೋಡೆಯೆಲ್ಲ ಒಣಗಿದೆ, ಬೀಮಿನ ಉದ್ದಕ್ಕೆ ಮಾತ್ರ ಬೂಷ್ಟು, ಅಳತೆ ಇಟ್ಟು ಬಳಿದ ಹಾಗೆ. ಹೊರಗೆ ಮಳೆ ಬಂದು ತಿಂಗಳುಗಳಾದವು. ಗೋಡೆಯಾಚೆ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜು, ಇವರು ಅಲ್ಲಿ ಮಿಷನ್ ನೋಡಿಕೊಳ್ಳುತ್ತಾರೆ, ಅದಕ್ಕೇ ನಮಗೆ ಈ ರೂಮು, ಮದುವೆಯಾದ ಹೊಸದರಲ್ಲಿ ಒಳಗೆ ಕರೆದುಕೊಂಡು ಹೋಗಿ ತೋರಿಸಿದ್ದರು, ನೋಡು ಭಾರ್ಗವಿ, ಊಟಿ ಅಂದ್ಕೋ, ಚಳಿ ಹೊರಗೆ ಹೋಗದ ಹಾಗೆ ಸುತ್ತ ಗೋಡೆಗೆಲ್ಲ ಬಿಳಿ ಥರ್ಮಾಕೋಲ್, ಈ ಬೀಮು ಬಂದ ಕಡೆ ಮಾತ್ರ ಕತ್ತರಿಸಿ ಬಿಟ್ಟಿದ್ದರು, ಬೋಳು ಸಿಮೆಂಟು, ಅದೇ ಬೀಮು ಎಲ್ಲೂ ತುಂಡಾಗದೆ ಗೋಡೆ ದಾಟಿ ನಮ್ಮ ತಲೆಯ ಮೇಲೆ ಬಂದಿದೆ, ಒಳಗಿನ ಚಳಿಯನ್ನೆಲ್ಲ ಹೊತ್ತುಕೊಂಡು. ತಣ್ಣನೆಯ ಮಜ್ಜಿಗೆಯ ಲೋಟ ಹೊರಗೆ ಬೆವರುವುದಿಲ್ಲವೇ, ಹಾಗೆ. ಹಾಗಾದರೆ ಆ ನೀರು ಎಲ್ಲಿಯದು — ನನ್ನ ಅನ್ನದ ಆವಿ, ನಮ್ಮೆಲ್ಲರ ಉಸಿರು, ಮೇಲೆ ಹೋಗಿ ಕೂತು, ಬೂಷ್ಟು ತೊಳೆದು, ತುಕ್ಕು ತೊಳೆದು, ಮಗುವಿನ ಬಾಯಿಗೆ. ಇಂಜಿನಿಯರ್ ಆನಂದಕುಮಾರ್ ಹೋದ ವಾರ, ರೂಮೆಲ್ಲ ಬೂಷ್ಟಿನ ವಾಸನೆ ಅಂತ ಇವರು ಕರೆಸಿದ್ದಕ್ಕೆ, ಬಂದು ತಲೆಯೆತ್ತಿ ನೋಡಿ, ಏಮೀ ಕಾದಮ್ಮಾ, ಏನೂ ಆಗಲ್ಲ, ಬೀಮು ಗೋಡೆ ದಾಟೋ ಆ ಜಾಯಿಂಟ್ ಡ್ರಾಯಿಂಗಲ್ಲಿ ತೋರ್ಸಿಲ್ಲ, ಸೈಟಲ್ಲಿ ನೋಡ್ಕೊಳ್ಳಿ ಅಂತ ಬರ್ದಿದೆ ಅಷ್ಟೇ, ಒಂದು ಕೋಟು ಪೇಂಟ್ ಹೊಡೆಸ್ಬುಡ್ತೀನಿ, ಅಂದ, ಕಾಫಿ ಕುಡಿದ, ಯಾರು ನೋಡಿಕೊಂಡರು ಸೈಟಲ್ಲಿ, ಹುಣಸೆಹಣ್ಣು ಕೆಡಬಾರದು ಅಂತ ಅಷ್ಟು ಥರ್ಮಾಕೋಲ್, ಮಗುವಿಗೆ ಪೇಂಟು.

ತೊಟ್ಟಿಲು ಬಿಚ್ಚುತ್ತಿದ್ದೇನೆ, ಹಗ್ಗವೂ ಜಾರುತ್ತದೆ, ಲೋಳೆ, ಅತ್ತೆ, ಮಗಾ ಇರೋ ಮನೇಲಿ ತೊಟ್ಲು ಬಿಚ್ತಾರೇನಮ್ಮ, ಅಪಶಕುನ, ಬಿಡು, ಅನ್ನುತ್ತಾರೆ, ಇವರು ಬಾಗಿಲಲ್ಲಿ, ಓನರ್‌ಗೆ ಏನಂತ ಹೇಳ್ಲಿ, ರೂಮು ಹೋದ್ರೆ ಕೆಲಸಾನೂ ಹೋಯ್ತದೆ ಕಣೇ, ಏನಾದರೂ ಹೇಳಿ, ನಾನು ಕಲ್ಯಾಣದುರ್ಗಕ್ಕೆ ಹೋಯ್ತೀನಿ, ಬೀಮು ಒಣಗಿದ ಮೇಲೆ ಕರೀರಿ, ಅಂದೆ, ದನಿ ಏರಿಸಲಿಲ್ಲ, ಇವರು ಕೊಕ್ಕೆ ನೋಡಿ ಹಗ್ಗದ ಇನ್ನೊಂದು ತುದಿ ಹಿಡಿದರು. ಅನ್ನ ಸೀದ ವಾಸನೆ. ಬ್ಯಾಗಿಗೆ ಟವೆಲು, ಎಣ್ಣೆ, ಒಣಗಿದ ಬಟ್ಟೆಗಳು, ಒಣಗಿದ್ದು ಎಷ್ಟಿದೆ, ಮಗುವನ್ನು ಹೊರಗೆ ಚಪ್ಪರದ ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದೇನೆ, ಅಲ್ಲಿ ಬೀಮಿಲ್ಲ, ಕೊಕ್ಕೆಯಿಲ್ಲ, ತೆಂಗಿನ ಗರಿ, ಬಿಸಿಲು, ಬಾ ಚಿನ್ನ, ಬಸ್ಸಿಗೆ ಹೊತ್ತಾಯಿತು, ಬಗ್ಗಿದೆ — ಒಣ ಗರಿಗಳನ್ನೇ ನೋಡುತ್ತ, ಬಾಯಿ ತೆರೆದು, ನಾಲಿಗೆ ಚಾಚಿ, ಕಾಯುತ್ತಿದ್ದಾಳೆ