ಹಳ್ಳದ ಬ್ಲಾಕಿನ ಮರಗಳು

ಬಾಳೂರಿನ ಆ ಕಾಫಿ ಎಸ್ಟೇಟಿನಲ್ಲಿ ಪ್ರತಿ ಬ್ಲಾಕಿನ ನೆರಳಿನ ಸಿಲ್ವರ್ ಮರಗಳಿಗೂ ಒಂದರಿಂದಲೇ ನಂಬರು ಹೊಡೆಯುವುದು ಪದ್ಧತಿ. ಐದು ಬ್ಲಾಕು, ಐದು ಒಂದನೇ ನಂಬರು. ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಭವ್ಯಾಳಿಗೆ ಇದೇನು ಗೊತ್ತಿಲ್ಲದ್ದಲ್ಲ, ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲೇ ಬೆಳೆದವಳು. ಆದರೂ ಡೇಟಾಬೇಸು ಚೊಕ್ಕ ಮಾಡಲು ಹೋಗಿ, ಒಮ್ಮೆ ಬಂದ ನಂಬರು ಮತ್ತೆ ಬಂದಲ್ಲೆಲ್ಲ ಅಳಿಸಿಬಿಟ್ಟಳು. ನಾಲ್ಕು ಬ್ಲಾಕು ಮಾಯ! ಎಂಥ ಮಂಕು ಕವಿದಿತ್ತೋ ಏನೋ.

ಬರೀ ಮರಗಳಾಗಿದ್ದರೆ ಮತ್ತೆ ಎಣಿಸಬಹುದಿತ್ತು. ಆದರೆ ಅಳಿಸಿಹೋದ ಹಳ್ಳದ ಬ್ಲಾಕಿನ ಒಂದು ಮರದ ಮುಂದೆ, ಷರಾ ಕಾಲಮ್ಮಿನಲ್ಲಿ, 'ಹುಚ್ಚಮ್ಮನ ಕೂಸು' ಎಂದಿತ್ತು. ಮೂವತ್ತು ವರ್ಷದ ಹಿಂದೆ, ತೋಟದ ಆಳು ಹುಚ್ಚಮ್ಮನ ಒಂಬತ್ತು ದಿನದ ಗಂಡುಮಗುವನ್ನು ಗಂಡ ಬೊಮ್ಮಯ್ಯ ಆ ಮರದ ಬುಡದಲ್ಲಿ ಮಣ್ಣು ಮಾಡಿ, ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಮರಗಳ ರಿಜಿಸ್ಟರಿನಲ್ಲಿ ಬರೆಸಿದ್ದ. ಬಾಣಂತಿಯನ್ನು ಅಲ್ಲಿಗೆ ಯಾರು ಕರೆದೊಯ್ಯುತ್ತಾರೆ? ಆಮೇಲೆ ಯಾವ ಮರವೆಂದು ಕೇಳುವ ಧೈರ್ಯ ಹುಚ್ಚಮ್ಮನಿಗೆ ಬರಲೇ ಇಲ್ಲ. ಈಗ ಬೊಮ್ಮಯ್ಯನೂ ಇಲ್ಲ, ರೈಟರೂ ಇಲ್ಲ, ರಿಜಿಸ್ಟರು ಗೆದ್ದಲು ಪಾಲು. ಹಿಂದೆ ಅದನ್ನು ನೋಡಿ ಟೈಪ್ ಮಾಡಿದ್ದ ಭವ್ಯಾಳಿಗೆ ನಂಬರು ನೆನಪಿಲ್ಲ.

ಅಷ್ಟರಲ್ಲೇ ಆ ಬ್ಲಾಕಿನ ಮರ ಕಡಿಯುವ ಕಾಲ ಬಂತು. "ನಿನ್ನ ಕೂಸಿನ ಮರ ಬಿಡಿಸ್ತೀನಿ ಹುಚ್ಚಮ್ಮ, ನಂಬರ್ ಹೇಳು. ಇನ್ನೂರು ಮರ ಬಿಡೋಕಾಗಲ್ಲ" ಎಂದರು ಸಾಹುಕಾರ ಸುರೇಂದ್ರ.

ಭವ್ಯಾ ಕಂಪ್ಯೂಟರು ಹೊತ್ತು ಚಿಕ್ಕಮಗಳೂರಿಗೆ ಓಡಿದಳು. ರಿಪೇರಿ ಅಂಗಡಿಯ ಮೋಹಿತ್ ಎರಡು ದಿನ ಒದ್ದಾಡಿ ಮರಗಳನ್ನು ವಾಪಸು ತಂದ. ನಂಬರು, ಸುತ್ತಳತೆ, ಎಲ್ಲ ಬಂತು. ಷರಾ ಕಾಲಮ್ಮು ಮಾತ್ರ ಖಾಲಿ.

"ಅದ್ರ ಮೇಲೆ ಬೇರೆ ಏನೋ ಬರ್ದುಹೋಗಿದೆ ಮೇಡಂ. ಇನ್ನು ಬರಲ್ಲ."

ಬಸ್ಸಿನಲ್ಲಿ ಅವಳು ಸೆರಗು ಕಚ್ಚಿಕೊಂಡು ಅತ್ತಳು. ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಳು, ಯಾವುದಾದರೂ ಒಂದು ನಂಬರು ಹೇಳಿಬಿಡುವುದು. ಮುದುಕಿಗೆ ಒಂದು ಮರವಾದರೂ ಉಳಿಯಲಿ.

ಮರುದಿನ ಬೆಳಗ್ಗೆ ಗರಗಸದವರು ಬಂದಾಗಿತ್ತು. ಹುಚ್ಚಮ್ಮ ಹಳ್ಳದ ದಂಡೆಯಲ್ಲಿ ಕಾಯುತ್ತಿದ್ದಳು.

"ನೂರಾ..." ಎಂದ ಭವ್ಯಾಳ ಮುಖವನ್ನೇ ನೋಡಿ ಮುದುಕಿ ತಡೆದಳು.

"ಗೊತ್ತಿಲ್ದಿದ್ರೆ ಹೇಳ್ಬೇಡ ಮಗಾ. ನಾನು ಬೇರೆ ಮರ ತಬ್ಕೊಂಡು ಮಗನೇ ಅಂತ ಕರೀತೀನಿ, ಅವ್ನು ಪಕ್ಕದಲ್ಲೇ ಕೇಳಿಸ್ಕೊಂಡು ಇರ್ತಾನೆ."

ಭವ್ಯಾ ಅವಳ ಕಾಲ ಬಳಿ ಕುಸಿದಳು. "ಗೊತ್ತಿಲ್ಲ ಹುಚ್ಚಮ್ಮಕ್ಕ. ನಾನೇ ಕಳ್ದುಬಿಟ್ಟೆ."

ಮೊದಲ ಮರ ಬಿತ್ತು. ಹುಚ್ಚಮ್ಮ ಅದಕ್ಕೆ ಕೈಮುಗಿದಳು. ಎರಡನೆಯದಕ್ಕೂ ಮುಗಿದಳು. ಸಂಜೆಯವರೆಗೂ ನಿಂತೇ ಇದ್ದಳು, ಒಂದಕ್ಕೂ ಮುಗಿಯದೆ ಬಿಡಲಿಲ್ಲ.